ಹಳೇ ಲ್ಯಾಪ್‌ಟಾಪ್‌ನಲ್ಲಿ ಮೊದಲು ಓಡಲಿ: ಓಪನ್ ಸೋರ್ಸ್ ಪ್ರಾಜೆಕ್ಟಿಗೆ ಕಂಟೇನರ್ ಕಟ್ಟುವುದು ಹೇಗೆ?

ಪ್ರಶ್ನೆ: ನಾವು ಕಲಬುರಗಿಯ ಐದು ಜನ ಇಂಜಿನಿಯರಿಂಗ್ ವಿದ್ಯಾರ್ಥಿಗಳು. ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನ್ ಪುಟಗಳನ್ನು ಓದಿ ಟೈಪ್ ಮಾಡಿದ ಅಕ್ಷರಕ್ಕೆ ಇಳಿಸುವ, ಆಮೇಲೆ ಜನ ಕೂತು ತಪ್ಪು ತಿದ್ದುವ ಒಂದು ವೆಬ್ ತಂತ್ರಾಂಶ ಮಾಡುತ್ತಿದ್ದೇವೆ. ಓಪನ್ ಸೋರ್ಸ್. ವೆಬ್ ಭಾಗಕ್ಕೆ ಪೈಥಾನಿನ ಜಾಂಗೊ, ಡೇಟಾಬೇಸಿಗೆ ಪೋಸ್ಟ್‌ಗ್ರೆಸ್, ಕೆಲಸಗಳ ಸರದಿಗೆ ರೆಡಿಸ್, ಚಿತ್ರದಿಂದ ಅಕ್ಷರ ಓದಲು ಟೆಸರಾಕ್ಟ್ ಬಳಸಿದ್ದೇವೆ. ಹೊಸಬರು ಉತ್ಸಾಹದಿಂದ ಬರುತ್ತಾರೆ, ಇನ್‌ಸ್ಟಾಲ್ ಮಾಡುವುದರಲ್ಲೇ ಎರಡು ದಿನ ಹೋಗುತ್ತದೆ, ಸೋತು ಬಿಟ್ಟುಬಿಡುತ್ತಾರೆ. ಪ್ರೋಗ್ರಾಂ ಜೊತೆಗೆ ಅದಕ್ಕೆ ಬೇಕಾದ್ದನ್ನೆಲ್ಲ ಕಟ್ಟಿ ಕಂಟೇನರ್ ಆಗಿ ಓಡಿಸುವ ಡಾಕರ್ ಹಾಕಿ ನೋಡಿದೆವು. ಇಮೇಜ್, ಅಂದರೆ ಕಂಟೇನರ್ ಹುಟ್ಟುವ ಸಿದ್ಧ ಕಟ್ಟು, 3 ಜಿಬಿ ಆಯಿತು. 8 ಜಿಬಿ ರ‍್ಯಾಮಿನ ವಿಂಡೋಸ್ ಲ್ಯಾಪ್‌ಟಾಪ್ ನಿಂತೇ ಹೋಗುತ್ತದೆ. ಉಬುಂಟು ಇರುವವನ ಫೈಲುಗಳೆಲ್ಲ ರೂಟ್ (ಯಂತ್ರದ ಮುಖ್ಯ ಬಳಕೆದಾರ) ಹೆಸರಿಗೆ ಹೋಗಿವೆ. ನಮಗೆ ನಿಜಕ್ಕೂ ಕಂಟೇನರ್ ಬೇಕಾ ಸರ್? ಬೇಕಾದರೆ ಹೇಗೆ ಮಾಡಬೇಕು?

ಉತ್ತರ: ಬೇಕು. ನಿಮ್ಮ ಪ್ರಾಜೆಕ್ಟಿಗಂತೂ ಖಂಡಿತ ಬೇಕು. ಆದರೆ ಎಲ್ಲರಿಗೂ ಎಲ್ಲವೂ ಬೇಕಿಲ್ಲ, ನೀವು ಎಡವಿದ್ದು ಅಲ್ಲೇ. ಬರೀ ಪೈಥಾನಿನಲ್ಲಿ ಬರೆದ ಸಣ್ಣ ಲೈಬ್ರರಿ ಆಗಿದ್ದರೆ ಪ್ಯಾಕೇಜುಗಳನ್ನು ಬೇರೆಯಾಗಿಡುವ ವೆನ್ವ್ ಸಾಕು, ಡಾಕರ್ ತಂಟೆಗೆ ಹೋಗಬೇಡಿ ಅಂತ ಒಂದೇ ಸಾಲಿನಲ್ಲಿ ಮುಗಿಸುತ್ತಿದ್ದೆ. ನಿಮ್ಮಲ್ಲಿ ಡೇಟಾಬೇಸ್ ಇದೆ, ಹಿಂದೆ ಕೂತು ಪುಟ ಓದುವ ವರ್ಕರ್ ಇದೆ, ಟೆಸರಾಕ್ಟ್ ಇದೆ, ಇವೆಲ್ಲದರ ಮೇಲೆ ಕನ್ನಡ ಇದೆ. ಈ ಕೊನೆಯದೇ ದೊಡ್ಡದು. ಅದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಎರಡು ದಿನ ಅಂದಿರಲ್ಲ, ಅದು ಓದಿ ಸಂಕಟವಾಯಿತು. ಕೆಲವು ವರ್ಷದ ಹಿಂದೆ ಇಲ್ಲೇ ಕಲಬುರಗಿಯಲ್ಲಿ ನಾವು ಒಂದಷ್ಟು ಜನ ಭಾನುವಾರ ಸೇರಿ ಕೋಡ್ ಬರೆಯುತ್ತಿದ್ದೆವು. ಆಳಂದ ಕಡೆಯ ಹಳ್ಳಿಯಿಂದ ಒಬ್ಬ ಹುಡುಗಿ ಬೆಳಗಿನ ಬಸ್ಸಿಗೆ ಬಂದಿದ್ದಳು. ಅಣ್ಣನ ಹಳೇ ಲ್ಯಾಪ್‌ಟಾಪ್, 4 ಜಿಬಿ ರ‍್ಯಾಮ್, ಫೋನಿನ ಹಾಟ್‌ಸ್ಪಾಟ್. ಸಂಜೆ ಐದಾದರೂ ಅವಳ ಪರದೆಯಲ್ಲಿ ಎರರ್ ಬಿಟ್ಟು ಬೇರೇನೂ ಕಾಣಲಿಲ್ಲ. ನಮ್ಮಲ್ಲೊಬ್ಬ "ನಂದ್ರಾಗ ಛಲೋ ನಡೀಲಿಕತ್ತದಲ್ಲ" ಅಂದ. ಅವಳು ಏನೂ ಅನ್ನದೆ ಚೀಲ ಎತ್ತಿಕೊಂಡು ಬಸ್‌ಸ್ಟ್ಯಾಂಡಿಗೆ ಹೋದಳು. ಮತ್ತೆ ಬರಲಿಲ್ಲ. ತಪ್ಪು ನಮ್ಮದೇ ಇತ್ತು. ಅವತ್ತಿನಿಂದ ನಾನು ಯಾವ ಸೆಟಪ್ ಮಾಡಿದರೂ ಅಳೆಯುವುದು ಒಂದೇ ರೀತಿ: ಗುಂಪಿನಲ್ಲಿ ಎಲ್ಲರಿಗಿಂತ ಹಳೆಯ ಲ್ಯಾಪ್‌ಟಾಪ್ ಯಾರದೋ ಅವರು ರೆಪೊ (ಕೋಡ್ ಇರುವ ಜಾಗ) ಕ್ಲೋನ್ ಮಾಡಿ ಇಳಿಸಿಕೊಂಡ ಗಳಿಗೆಯಿಂದ ಮೊದಲ ಟೆಸ್ಟ್ ಪಾಸಾಗುವವರೆಗೆ ಎಷ್ಟು ಹೊತ್ತು ಹಿಡಿಯಿತು, ಎಷ್ಟು ಡೇಟಾ ಖರ್ಚಾಯಿತು, ಎಷ್ಟು ರ‍್ಯಾಮ್ ತಿಂದಿತು. ನೀವೂ ಇದನ್ನೇ ಅಳೆಯಿರಿ. ಕೆಳಗೆ ಹೇಳುವುದೆಲ್ಲ ಈ ಮೂರನ್ನು ಇಳಿಸುವುದಕ್ಕೇ.

ಕಂಟೇನರ್ ಅಂದರೆ ಏನು ಅನ್ನುವುದು ನಿಮಗೆ ಗೊತ್ತಿರಬಹುದು, ಆದರೂ ಒಂದು ಮಾತು. ಅದು ಪುಟ್ಟ ಕಂಪ್ಯೂಟರ್ ಅಲ್ಲ. ನಿಮ್ಮ ಲಿನಕ್ಸ್‌ನ ತಿರುಳಾದ ಕರ್ನಲ್ ಮೇಲೇ ಓಡುವ ಸಾಮಾನ್ಯ ಪ್ರೋಗ್ರಾಂ. ನೇಮ್‌ಸ್ಪೇಸ್ ಅದಕ್ಕೆ ಅಕ್ಕಪಕ್ಕದ್ದು ಕಾಣದಂತೆ ಗೋಡೆ ಕಟ್ಟುತ್ತದೆ, ಸಿಗ್ರೂಪ್ ಇಷ್ಟೇ ರ‍್ಯಾಮ್, ಇಷ್ಟೇ ಸಿಪಿಯು ಅಂತ ಮಿತಿ ಹಾಕುತ್ತದೆ. ಸಿಗ್ರೂಪ್ ಲಿನಕ್ಸ್ ಕರ್ನಲ್‌ಗೆ ಬಂದಿದ್ದು 2008ರಲ್ಲಿ. 2013ರಲ್ಲಿ ಬಂದ ಡಾಕರ್ ಇವನ್ನೆಲ್ಲ ಸೇರಿಸಿ ಯಾರು ಬೇಕಾದರೂ ಬಳಸುವಂತೆ ಮಾಡಿತು. ಲಿನಕ್ಸ್ ಕರ್ನಲ್ ಬೇಕೇ ಬೇಕು ಅನ್ನುವ ಕಾರಣಕ್ಕೆ ವಿಂಡೋಸ್‌ನಲ್ಲಿ ಡಬ್ಲ್ಯುಎಸ್ಎಲ್ 2 ಎಂಬ ಪೂರ್ತಿ ಲಿನಕ್ಸ್ ಯಂತ್ರವೊಂದು ಹಿಂದೆ ಓಡುತ್ತಿರುತ್ತದೆ. ನಿಮ್ಮ ಲ್ಯಾಪ್‌ಟಾಪ್ ನಿಂತು ಹೋಗುವುದರ ಮೂಲ ಅಲ್ಲಿದೆ.

ಈಗ ಕನ್ನಡದ ಮಾತಿಗೆ ಬರೋಣ. ನಿಮ್ಮ ತಂತ್ರಾಂಶ ತಿದ್ದಿದ ಪುಟವನ್ನು ಚಿತ್ರವಾಗಿಯೋ ಪಿಡಿಎಫ್ ಆಗಿಯೋ ಕೊಡುತ್ತದೆ ಅಂದುಕೊಳ್ಳುತ್ತೇನೆ. ಕಂಟೇನರಿನ ಒಳಗೆ ಕನ್ನಡ ಫಾಂಟ್ ಇರುವುದಿಲ್ಲ, ಹಾಗಾಗಿ ಮೊದಲ ಸಲ ಬರೀ ಚೌಕ ಚೌಕ ಬರುತ್ತವೆ. ಇದು ಸುಲಭ. ಡೆಬಿಯನ್ ಎಂಬ ಲಿನಕ್ಸ್‌ನಲ್ಲಿ ಫಾಂಟ್ಸ್-ಕೆಎನ್‌ಡಿಎ ಅನ್ನುವ ಒಂದು ಪ್ಯಾಕೇಜ್ ಹಾಕಿದರೆ ಗುಬ್ಬಿ, ನವಿಲು, ಲೋಹಿತ್ ಮೂರೂ ಬರುತ್ತವೆ. ಕಷ್ಟ ಇರುವುದು ಅದರ ಮುಂದಿನದರಲ್ಲಿ. ಪೈಥಾನಿನಲ್ಲಿ ಚಿತ್ರ ಮಾಡುವ ಪಿಲ್ಲೋ ಲೈಬ್ರರಿಯಲ್ಲಿ ಕನ್ನಡ ಬರೆಸಿದರೆ ಒತ್ತಕ್ಷರ ಸರಿಯಾಗಿ ಕೂರಲು ರಕ್ಮ್ ಎಂಬ ಭಾಗ ಕೆಲಸ ಮಾಡಬೇಕು. ಅದು ಪಿಲ್ಲೋ ಜೊತೆಗೇ ಬರುತ್ತದೆ. ಆದರೆ ಓಡುವ ಹೊತ್ತಿಗೆ ಸಿಸ್ಟಮ್‌ನಲ್ಲಿ ಲಿಬ್‌ಫ್ರಿಬಿಡಿ ಎಂಬ ಲೈಬ್ರರಿ ಇದೆಯಾ ಅಂತ ಹುಡುಕುತ್ತದೆ, ಇಲ್ಲದಿದ್ದರೆ ಸದ್ದಿಲ್ಲದೆ ಹಿಂದೆ ಸರಿಯುತ್ತದೆ. ಉಬುಂಟು ಡೆಸ್ಕ್‌ಟಾಪ್‌ನಲ್ಲಿ ಲಿಬ್‌ಫ್ರಿಬಿಡಿ ಮೊದಲೇ ಇರುತ್ತದೆ, ಸ್ಲಿಮ್ ಎಂಬ ಸಣ್ಣ ಇಮೇಜಿನಲ್ಲಿ ಇರುವುದಿಲ್ಲ. ಹೀಗಾಗಿ ಒಬ್ಬನ ಲ್ಯಾಪ್‌ಟಾಪ್‌ನಲ್ಲಿ "ಜೋಳದ ರೊಟ್ಟಿ" ಚೆಂದ ಬರುತ್ತದೆ, ಕಂಟೇನರಿನಲ್ಲಿ "ಜೋಳದ ರೊಟ್‌ಟಿ" ಅಂತ ಹರಿದು ಬರುತ್ತದೆ. ಎರರ್ ಒಂದೂ ಇಲ್ಲ! ಇದನ್ನು ಹುಡುಕುವುದರಲ್ಲಿ ನಾನು ಒಂದು ಇಡೀ ರಾತ್ರಿ ಕಳೆದಿದ್ದೇನೆ. ಲಿಬ್‌ಫ್ರಿಬಿಡಿಯನ್ನು ಡಾಕರ್‌ಫೈಲ್‌ನಲ್ಲಿ (ಇಮೇಜ್ ಕಟ್ಟುವ ಆದೇಶಗಳ ಫೈಲ್) ಹಾಕಿ, ರಕ್ಮ್ ಸಿಕ್ಕಿದೆಯಾ ಅಂತ ಪರೀಕ್ಷಿಸುವ ಒಂದು ಟೆಸ್ಟನ್ನೂ ಬರೆದಿಡಿ.

ಟೆಸರಾಕ್ಟ್ ಕಥೆಯೂ ಹೀಗೇ. ಉಬುಂಟು 22.04ರಲ್ಲಿ ಸಿಗುವುದು 4.1, ಡೆಬಿಯನ್ 12ರಲ್ಲಿ ಸಿಗುವುದು 5.3. ಕನ್ನಡದ ಮಾಡೆಲ್ ಫೈಲ್ ಕೂಡ ಒಂದೇ ಅಲ್ಲ, ಬೇಗ ಓದುವ ಫಾಸ್ಟ್, ನಿಧಾನಕ್ಕೆ ಚೆನ್ನಾಗಿ ಓದುವ ಬೆಸ್ಟ್, ಇವೆರಡಲ್ಲದ ಸಾಮಾನ್ಯ ಒಂದು, ಹೀಗೆ ಮೂರು ಇವೆ. ಐದು ಜನ ಐದು ಕಡೆಯಿಂದ ಇಳಿಸಿಕೊಂಡರೆ ಅದೇ ಪುಟಕ್ಕೆ ಬೇರೆ ಬೇರೆ ಪಠ್ಯ ಬರುತ್ತದೆ, ಟೆಸ್ಟ್ ಒಬ್ಬರಲ್ಲಿ ಪಾಸು, ಇನ್ನೊಬ್ಬರಲ್ಲಿ ಫೇಲು, ಜಗಳ ಮಾತ್ರ ಎಲ್ಲರಿಗೂ ಸಮ.

ಇನ್ನೊಂದು ಇದೆ, ಅಕಾರಾದಿ. ಯೂನಿಕೋಡಿನಲ್ಲಿ ಳ ಅಕ್ಷರದ ಸಂಖ್ಯೆ ವ ಗಿಂತ ಮೊದಲು ಬರುತ್ತದೆ. ನಮ್ಮ ವರ್ಣಮಾಲೆಯಲ್ಲಿ ಳ ಇರುವುದು ಹ ಆದಮೇಲೆ. ಪೋಸ್ಟ್‌ಗ್ರೆಸ್‌ಗೆ ಲೊಕೇಲ್ (ಭಾಷೆಯ ಆಯ್ಕೆ) ಸಿ ಅಂತ ಇದ್ದರೆ ಅದು ಬರೀ ಸಂಖ್ಯೆ ನೋಡಿ ಜೋಡಿಸುತ್ತದೆ, ಆಗ ಪದಗಳ ಪಟ್ಟಿ ಕನ್ನಡದ ನಿಘಂಟಿನ ಹಾಗೆ ಬರುವುದಿಲ್ಲ. ಐಸಿಯು ಎಂಬ ಲೈಬ್ರರಿಯ ಕನ್ನಡ ಕೊಲೇಶನ್ (ಜೋಡಿಸುವ ಕ್ರಮ) ಬಳಸಿದರೆ ಸರಿ ಬರುತ್ತದೆ. ಇಮೇಜ್ ಸಣ್ಣದಿರಲಿ ಅಂತ ಪೋಸ್ಟ್‌ಗ್ರೆಸ್‌ನ ಆಲ್ಪೈನ್ (ತೀರಾ ಸಣ್ಣ ಲಿನಕ್ಸ್) ರೂಪ ಹಿಡಿಯುವವರು ಇದನ್ನು ನೆನಪಿಡಬೇಕು. ಆಲ್ಪೈನ್‌ನ ಮಸಲ್ ಎಂಬ ಸಿ ಲೈಬ್ರರಿಗೆ ಭಾಷೆಗೆ ತಕ್ಕಂತೆ ಜೋಡಿಸುವುದು ಬರುವುದಿಲ್ಲ. ನಿಮ್ಮ ಕೆಲಸಕ್ಕೆ ಡೆಬಿಯನ್ ಮೇಲೆ ಕಟ್ಟಿದ ಪೋಸ್ಟ್‌ಗ್ರೆಸ್ ಇಮೇಜ್ ತೆಗೆದುಕೊಳ್ಳಿ, ಡೇಟಾಬೇಸ್ ಹುಟ್ಟಿಸುವಾಗಲೇ ಕೊಲೇಶನ್ ಬರೆದುಬಿಡಿ. ಆಮೇಲೆ ಬದಲಿಸುವುದು ದೊಡ್ಡ ತಲೆನೋವು.

ನೋಡಿ, ಇಂಥವನ್ನೆಲ್ಲ ರೀಡ್‌ಮಿಯಲ್ಲಿ ಬರೆದು ಜನರಿಂದ ಕೈಯಾರೆ ಮಾಡಿಸಲು ಆಗುವುದಿಲ್ಲ. ಡಾಕರ್‌ಫೈಲ್ ಬೇಕಾಗುವುದು ಇದಕ್ಕೇ.

ಇಮೇಜ್ 3 ಜಿಬಿ ಯಾಕಾಯಿತು? ನಿಮ್ಮ ಫೈಲ್ ನೋಡದೆಯೂ ನಾಲ್ಕು ಊಹೆ ಹೇಳಬಲ್ಲೆ. ಪೈಥಾನಿನ ಪೂರ್ಣ ಇಮೇಜ್ ಹಿಡಿದಿದ್ದೀರಿ, ಅದೇ ಸುಮಾರು 1 ಜಿಬಿ. ಟೆಸರಾಕ್ಟ್‌ನ ಎಲ್ಲ ಭಾಷೆಗಳ ಪ್ಯಾಕೇಜ್ ಹಾಕಿದ್ದೀರಿ, ಬೇಕಾದ್ದು ಕನ್ನಡ ಮತ್ತು ಇಂಗ್ಲಿಷ್ ಮಾತ್ರ. ಡಾಕರ್‌ಇಗ್ನೋರ್ ಫೈಲ್ ಇಲ್ಲ, ಹಾಗಾಗಿ ಗಿಟ್ ಫೋಲ್ಡರ್, ನೋಡ್ ಮಾಡ್ಯೂಲ್ಸ್, ಪರೀಕ್ಷೆಗೆ ಅಂತ ಇಟ್ಟುಕೊಂಡ ಸ್ಕ್ಯಾನ್ ಪುಟಗಳು ಎಲ್ಲವೂ ಇಮೇಜಿನೊಳಗೆ ಹೋಗಿವೆ. ನಾಲ್ಕನೆಯದು, ಡಾಕರ್‌ಫೈಲ್‌ನ ಒಂದು ರನ್ ಸಾಲಿನಲ್ಲಿ ಇನ್‌ಸ್ಟಾಲ್ ಮಾಡಿ ಇನ್ನೊಂದು ರನ್ ಸಾಲಿನಲ್ಲಿ ಅಳಿಸಿದ್ದೀರಿ. ಇಮೇಜ್ ಪದರ ಪದರವಾಗಿ ಕೂರುತ್ತದೆ. ಮೇಲಿನ ಪದರದಲ್ಲಿ ಅಳಿಸಿದರೆ ಕೆಳಗಿನದು ಕಣ್ಣಿಗೆ ಕಾಣುವುದಿಲ್ಲ ಅಷ್ಟೇ, ತೂಕ ಹಾಗೇ ಇರುತ್ತದೆ. ಇನ್‌ಸ್ಟಾಲ್ ಮಾಡುವುದು, ಆಪ್ಟ್ ಇಳಿಸಿಕೊಂಡ ಪ್ಯಾಕೇಜ್ ಪಟ್ಟಿ ಅಳಿಸುವುದು ಎರಡೂ ಒಂದೇ ರನ್ ಸಾಲಿನಲ್ಲಿ ಇರಬೇಕು. ಡಾಕರ್ ಹಿಸ್ಟರಿ ಕಮಾಂಡ್ ಕೊಟ್ಟರೆ ಯಾವ ಪದರ ಎಷ್ಟು ತೂಗುತ್ತದೆ ಅಂತ ಸಾಲಾಗಿ ತೋರಿಸುತ್ತದೆ. ಮೊದಲು ಅದನ್ನು ನೋಡಿ. ಪೈಥಾನಿನ ಸ್ಲಿಮ್ ಇಮೇಜಿನಿಂದ ಶುರು ಮಾಡಿ ಇಷ್ಟು ಸರಿಪಡಿಸಿದರೆ 1 ಜಿಬಿಯೊಳಗೆ ತರಬಹುದು. ಸ್ಲಿಮ್ ಬಿಟ್ಟು ಇಲ್ಲೂ ಆಲ್ಪೈನ್‌ಗೆ ಹೋಗಬೇಡಿ. ಪೈಥಾನಿನ ಕೆಲವು ಪ್ಯಾಕೇಜುಗಳಿಗೆ ಅಲ್ಲಿ ವೀಲ್, ಅಂದರೆ ಮೊದಲೇ ಕಂಪೈಲ್ ಮಾಡಿಟ್ಟ ಪ್ಯಾಕೇಜ್, ಸಿಗುವುದಿಲ್ಲ, ಲ್ಯಾಪ್‌ಟಾಪೇ ಕೂತು ಕಂಪೈಲ್ ಮಾಡಬೇಕಾಗುತ್ತದೆ. ಮೇ ತಿಂಗಳಲ್ಲಿ, 42 ಡಿಗ್ರಿ ಬಿಸಿಲಲ್ಲಿ, ಫ್ಯಾನ್ ಕಿರುಚುವ ಲ್ಯಾಪ್‌ಟಾಪ್‌ಗೆ ಆ ಶಿಕ್ಷೆ ಬೇಡ.

ಡಾಕರ್‌ಫೈಲ್‌ನ ಸಾಲುಗಳ ಕ್ರಮವೂ ಮುಖ್ಯ. ಒಂದು ಪದರ ಬದಲಾದರೆ ಅದರ ಕೆಳಗೆ ಬರೆದದ್ದೆಲ್ಲ ಮತ್ತೆ ಮೊದಲಿನಿಂದ ಕಟ್ಟುತ್ತದೆ. ಅದಕ್ಕೆ ಅಪರೂಪಕ್ಕೆ ಬದಲಾಗುವುದನ್ನು ಮೇಲಿಡಿ: ಸಿಸ್ಟಮ್ ಪ್ಯಾಕೇಜುಗಳು, ಆಮೇಲೆ ಬೇಕಾದ ಪೈಥಾನ್ ಪ್ಯಾಕೇಜುಗಳ ಪಟ್ಟಿಯಿರುವ ರಿಕ್ವೈರ್‌ಮೆಂಟ್ಸ್ ಫೈಲ್ ಒಂದನ್ನೇ ಕಾಪಿ ಮಾಡಿ ಪಿಪ್ ಇನ್‌ಸ್ಟಾಲ್, ಕೊನೆಯಲ್ಲಿ ನಿಮ್ಮ ಕೋಡ್. ಹೀಗಿಟ್ಟರೆ ಒಂದು ಟೆಂಪ್ಲೇಟ್ ತಿದ್ದಿದಾಗ ಬಿಲ್ಡ್ ಕೆಲವೇ ಸೆಕೆಂಡಿನಲ್ಲಿ ಮುಗಿಯುತ್ತದೆ. ಉಲ್ಟಾ ಇಟ್ಟರೆ ಪ್ರತಿ ಸಲ ಪಿಪ್ ಮೊದಲಿಂದ ಡೌನ್‌ಲೋಡ್ ಮಾಡುತ್ತದೆ. ಡಾಕರ್‌ನ ಬಿಲ್ಡ್ ಸಾಧನವಾದ ಬಿಲ್ಡ್‌ಕಿಟ್‌ನ ಕ್ಯಾಶ್ ಮೌಂಟ್ ಅನ್ನೂ ಬಳಸಿ, ಪಿಪ್ ಒಮ್ಮೆ ಇಳಿಸಿದ್ದನ್ನು ಇಟ್ಟುಕೊಂಡಿರುತ್ತದೆ, ರಿಕ್ವೈರ್‌ಮೆಂಟ್ಸ್‌ಗೆ ಒಂದು ಸಾಲು ಸೇರಿಸಿದರೂ ಆ ಒಂದನ್ನು ಮಾತ್ರ ಹೊಸದಾಗಿ ತರುತ್ತದೆ. ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್ ಇರುವ ಹುಡುಗರಿಗೆ ಇದು ದೊಡ್ಡ ಉಪಕಾರ.

ಡೇಟಾ ವಿಷಯ ಬಂತು, ಅದನ್ನು ಇನ್ನಷ್ಟು ಹೇಳಬೇಕು. ಹೊಸಬರಿಂದ ಇಮೇಜ್ ಬಿಲ್ಡ್ ಮಾಡಿಸಲೇಬೇಡಿ. ನೀವು ಕಟ್ಟಿ ಗಿಟ್‌ಹಬ್‌ನ ಕಂಟೇನರ್ ರಿಜಿಸ್ಟ್ರಿಯಲ್ಲಿ ಇಡಿ, ಸಾರ್ವಜನಿಕ ಇಮೇಜುಗಳಿಗೆ ಅಲ್ಲಿ ದುಡ್ಡಿಲ್ಲ. ಅವರು ಎಳೆದುಕೊಂಡರೆ (ಡೌನ್‌ಲೋಡ್ ಮಾಡಿಕೊಂಡರೆ) ಸಾಕು. ಡಾಕರ್‌ನದೇ ಇಮೇಜ್ ಭಂಡಾರವಾದ ಡಾಕರ್ ಹಬ್‌ನಲ್ಲಾದರೆ 2020ರ ನವೆಂಬರ್‌ನಿಂದ ಎಳೆಯುವುದಕ್ಕೆ ಮಿತಿ ಇದೆ, ಲಾಗಿನ್ ಆಗದವರನ್ನು ಐಪಿ ವಿಳಾಸದ ಮೇಲೆ ಎಣಿಸುತ್ತದೆ. ಒಂದೇ ಲ್ಯಾಬಿನಲ್ಲಿ 40 ಜನ ಕೂತು ಒಟ್ಟಿಗೆ ಎಳೆದರೆ ಹೊರಗಿನವರಿಗೆ ಅದು ಒಂದೇ ವಿಳಾಸ. ಪೋಸ್ಟ್‌ಗ್ರೆಸ್, ಪೈಥಾನ್ ಅಂತ ಒಬ್ಬೊಬ್ಬರೂ ಮೂರು ಮೂರು ಇಮೇಜ್ ಎಳೆಯುವಷ್ಟರಲ್ಲಿ ಬಾಗಿಲು ಮುಚ್ಚಿರುತ್ತದೆ. ಎಲ್ಲರಿಗೂ ಮೊದಲೇ ಅಕೌಂಟ್ ಮಾಡಿಕೊಂಡು ಲಾಗಿನ್ ಆಗಲು ಹೇಳಿ.

ಇದಕ್ಕಿಂತ ಒಳ್ಳೆಯದು ಪೆನ್‌ಡ್ರೈವ್. ನಿಜವಾಗಿ ಹೇಳುತ್ತಿದ್ದೇನೆ. ಡಾಕರ್ ಸೇವ್ ಕಮಾಂಡ್ ಕೊಟ್ಟರೆ ನಿಮಗೆ ಬೇಕಾದ ಇಮೇಜುಗಳೆಲ್ಲ ಒಂದು ಟಾರ್ ಫೈಲ್ ಆಗುತ್ತವೆ. ಅದನ್ನು ಜಿಜಿಪ್ ಮಾಡಿ ಪೆನ್‌ಡ್ರೈವ್‌ಗೆ ಹಾಕಿ, ಇನ್ನೊಂದು ಲ್ಯಾಪ್‌ಟಾಪ್‌ನಲ್ಲಿ ಡಾಕರ್ ಲೋಡ್ ಕೊಟ್ಟರೆ ಮುಗಿಯಿತು, ಒಂದು ಎಂಬಿ ಡೇಟಾ ಖರ್ಚಿಲ್ಲ. ಪೆನ್‌ಡ್ರೈವ್ ಫ್ಯಾಟ್32 ಇದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಯುವುದಿಲ್ಲ, ಎಕ್ಸ್‌ಫ್ಯಾಟ್ ಮಾಡಿಕೊಳ್ಳಿ. ನಾನು ಸೇಡಂ, ಜೇವರ್ಗಿ, ಚಿತ್ತಾಪುರಕ್ಕೆ ಹುಡುಗರಿಗೆ ಕಲಿಸಲು ಹೋದಾಗಲೆಲ್ಲ ಎರಡು ಪೆನ್‌ಡ್ರೈವ್ ಜೇಬಿನಲ್ಲಿ ಇರುತ್ತಿದ್ದವು. ಮಧ್ಯಾಹ್ನ ಕರೆಂಟ್ ಹೋಗಿ ವೈಫೈ ಸತ್ತರೂ ಕೆಲಸ ನಿಲ್ಲುತ್ತಿರಲಿಲ್ಲ.

ಇನ್ನು 8 ಜಿಬಿ ವಿಂಡೋಸ್. ಡಬ್ಲ್ಯುಎಸ್ಎಲ್ 2 ತಾನಾಗಿ ಬಿಟ್ಟರೆ ಅರ್ಧ ರ‍್ಯಾಮ್‌ವರೆಗೂ ಹಿಡಿಯುತ್ತದೆ. ಉಳಿದ ಅರ್ಧದಲ್ಲಿ ವಿಂಡೋಸ್, ಕ್ರೋಮ್, ವಿಎಸ್ ಕೋಡ್ ಎಲ್ಲ ಕಚ್ಚಾಡಬೇಕು. ಯೂಸರ್ ಫೋಲ್ಡರಿನಲ್ಲಿ ಡಬ್ಲ್ಯುಎಸ್ಎಲ್‌ಕಾನ್ಫಿಗ್ ಎಂಬ ಫೈಲ್ ಮಾಡಿ ಮೆಮೊರಿ 3 ಜಿಬಿ ಅಂತ ಬರೆಯಿರಿ, ಡಬ್ಲ್ಯುಎಸ್ಎಲ್ ಶಟ್‌ಡೌನ್ ಮಾಡಿ ಮತ್ತೆ ತೆರೆಯಿರಿ. ಎರಡನೆಯದು, ಇದೇ ನಿಮ್ಮ ನಿಧಾನಕ್ಕೆ ದೊಡ್ಡ ಕಾರಣ ಅಂತ ನನ್ನ ಅಂದಾಜು: ರೆಪೊವನ್ನು ಸಿ ಡ್ರೈವ್‌ನಲ್ಲಿ ಇಟ್ಟು ಅಲ್ಲಿಂದ ಕಂಟೇನರಿಗೆ ಜೋಡಿಸಿದ್ದೀರಿ, ಅಲ್ವಾ? ಹಾಗೆ ಮಾಡಿದರೆ ಪ್ರತಿ ಫೈಲ್ ಓದುವಾಗಲೂ ಲಿನಕ್ಸ್‌ನಿಂದ ವಿಂಡೋಸ್‌ಗೆ ಹೋಗಿ ಕೇಳಿಕೊಂಡು ಬರಬೇಕು. ಸಾವಿರಾರು ಸಣ್ಣ ಫೈಲುಗಳಿರುವ ಪ್ರಾಜೆಕ್ಟ್ ತೆವಳುತ್ತದೆ. ಸಾಲದ್ದಕ್ಕೆ ಫೈಲ್ ಬದಲಾಯಿತು ಅನ್ನುವ ಸುದ್ದಿ ಒಳಗೆ ತಲುಪುವುದಿಲ್ಲ, ಆ ಸುದ್ದಿಯನ್ನೇ ನಂಬಿಕೊಂಡ ಸಾಧನಗಳು ಕೋಡ್ ತಿದ್ದಿದರೂ ತಾವಾಗಿ ಮತ್ತೆ ಶುರುವಾಗುವುದಿಲ್ಲ. ರೆಪೊವನ್ನು ಡಬ್ಲ್ಯುಎಸ್ಎಲ್‌ನ ಒಳಗಿನ ಹೋಮ್ ಫೋಲ್ಡರಿನಲ್ಲೇ ಕ್ಲೋನ್ ಮಾಡಿ. ಇದೊಂದು ಬದಲಾವಣೆಯಿಂದ ಜನ "ಲ್ಯಾಪ್‌ಟಾಪ್ ಹೊಸದಾಯಿತಾ" ಅಂತ ಕೇಳಿದ್ದನ್ನು ನಾನು ನೋಡಿದ್ದೇನೆ. ಡಾಕರ್ ಡೆಸ್ಕ್‌ಟಾಪ್ ವಿದ್ಯಾರ್ಥಿಗಳಿಗೆ ಉಚಿತ, ಬಳಸಬಹುದು. ಆದರೆ ರ‍್ಯಾಮ್ ಕಡಿಮೆ ಇರುವವರು ಡಬ್ಲ್ಯುಎಸ್ಎಲ್‌ನ ಉಬುಂಟು ಒಳಗೆ ನೇರವಾಗಿ ಡಾಕರ್ ಇಂಜಿನ್ ಹಾಕಿಕೊಂಡರೆ ಹಗುರ.

ವಿಂಡೋಸ್‌ನವರಿಂದ ಬರುವ ಇನ್ನೊಂದು ಕಾಟ: ಕಂಟೇನರ್ ಶುರುವಾಗುವಾಗ ಓಡುವ ಶೆಲ್ ಸ್ಕ್ರಿಪ್ಟ್ ಎದುರಿಗೇ ಇದ್ದರೂ "ಅಂಥ ಫೈಲ್ ಇಲ್ಲ" ಅನ್ನುತ್ತದೆ. ಫೈಲ್ ಇದೆ. ಸಾಲಿನ ಕೊನೆಯ ಗುರುತನ್ನು ಗಿಟ್ ವಿಂಡೋಸ್ ಶೈಲಿಗೆ ಬದಲಿಸಿದೆ, ಲಿನಕ್ಸ್ ಆ ಮೊದಲ ಸಾಲನ್ನು ಬೇರೆಯೇ ಹೆಸರಾಗಿ ಓದುತ್ತದೆ. ಗಿಟ್‌ಆಟ್ರಿಬ್ಯೂಟ್ಸ್ ಫೈಲ್‌ನಲ್ಲಿ ಶೆಲ್ ಫೈಲುಗಳಿಗೆ ಎಲ್‌ಎಫ್ ಇರಲಿ ಅಂತ ಒಂದು ಸಾಲು ಬರೆದರೆ ಎಲ್ಲರಿಗೂ ಬಗೆಹರಿಯುತ್ತದೆ.

ರೂಟ್ ಹೆಸರಿಗೆ ಹೋದ ಫೈಲುಗಳು. ಕಂಟೇನರಿನ ಒಳಗೆ ನೀವು ಬೇರೆ ಹೇಳದಿದ್ದರೆ ಎಲ್ಲವೂ ರೂಟ್ ಆಗಿ ಓಡುತ್ತದೆ. ಹೊರಗಿನ ಫೋಲ್ಡರನ್ನು ಒಳಗೆ ಜೋಡಿಸಿದಾಗ ಕರ್ನಲ್ ಹೆಸರು ನೋಡುವುದಿಲ್ಲ, ಸಂಖ್ಯೆ ನೋಡುತ್ತದೆ. ರೂಟ್ ಅಂದರೆ 0, ಒಳಗೂ 0, ಹೊರಗೂ 0. ಉಬುಂಟುವಿನಲ್ಲಿ ಮೊದಲ ಬಳಕೆದಾರನ ಸಂಖ್ಯೆ ಸಾಮಾನ್ಯವಾಗಿ 1000. ಡಾಕರ್‌ಫೈಲ್‌ನಲ್ಲಿ 1000 ಸಂಖ್ಯೆಯ ಒಬ್ಬ ಸಾಮಾನ್ಯ ಬಳಕೆದಾರನನ್ನು ಹುಟ್ಟಿಸಿ ಅವನ ಹೆಸರಲ್ಲಿ ಓಡಿಸಿ, ಬೇರೆ ಸಂಖ್ಯೆ ಇರುವವರಿಗೆ ಬಿಲ್ಡ್ ಆರ್ಗ್ಯುಮೆಂಟ್ ಆಗಿ ಕೊಡಲು ದಾರಿ ಬಿಡಿ. ಈಗಾಗಲೇ ಕೆಟ್ಟ ಫೈಲುಗಳ ಒಡೆತನವನ್ನು ಚೌನ್ ಕಮಾಂಡಿನಿಂದ ಬದಲಿಸಿ ವಾಪಸ್ ಪಡೆಯಬಹುದು. ಡಾಕರ್‌ನಂಥದೇ ಇನ್ನೊಂದು ಸಾಧನವಾದ ಪಾಡ್‌ಮನ್ ಅನ್ನೂ ಒಮ್ಮೆ ನೋಡಿ. ಅದು ರೂಟ್ ಇಲ್ಲದೆಯೇ ಓಡುತ್ತದೆ, ಹಿಂದೆ ಸದಾ ಓಡುವ ಡೀಮನ್ ಇಲ್ಲ, ಒಳಗಿನ ರೂಟ್ ಹೊರಗೆ ನೀವೇ ಆಗಿರುತ್ತೀರಿ, ಹಾಗಾಗಿ ಈ ತೊಂದರೆಯೇ ಹುಟ್ಟುವುದಿಲ್ಲ. ಡಾಕರ್‌ನಲ್ಲಿ ಡಾಕರ್ ಗುಂಪಿಗೆ ಯಾರನ್ನು ಸೇರಿಸಿದರೂ ಅವರಿಗೆ ಆ ಯಂತ್ರದ ರೂಟ್ ಅಧಿಕಾರ ಕೊಟ್ಟ ಹಾಗೇ. ಸ್ವಂತ ಲ್ಯಾಪ್‌ಟಾಪ್‌ನಲ್ಲಿ ಪರವಾಗಿಲ್ಲ, ಕಾಲೇಜಿನ ಲ್ಯಾಬಿನಲ್ಲಿ ಪಾಡ್‌ಮನ್ ಕೇಳಿ.

ಈಗ ಹಲವು ಕಂಟೇನರುಗಳನ್ನು ಒಟ್ಟಿಗೆ ಏಳಿಸುವ ಕಂಪೋಸ್ ಫೈಲ್. ಹಳೆಯ ಪಾಠಗಳಲ್ಲಿ ಡಾಕರ್-ಕಂಪೋಸ್ ಅಂತ ನಡುವೆ ಅಡ್ಡಗೆರೆ ಇರುತ್ತದೆ, ಅದರ ಕಾಲ 2023ರ ಜುಲೈಗೆ ಮುಗಿಯಿತು. ಈಗ ಅಡ್ಡಗೆರೆ ಇಲ್ಲದ ಡಾಕರ್ ಕಂಪೋಸ್. ಮೇಲೆ ವರ್ಷನ್ ಅಂತ ಬರೆಯುವ ಸಾಲೂ ಬೇಕಿಲ್ಲ. ಹೊಸಬರು ಇಲ್ಲಿ ಪದೇ ಪದೇ ಬೀಳುವ ಗುಂಡಿ ಲೋಕಲ್‌ಹೋಸ್ಟ್. ಕಂಟೇನರಿನೊಳಗೆ ಲೋಕಲ್‌ಹೋಸ್ಟ್ ಅಂದರೆ ಆ ಕಂಟೇನರ್ ಮಾತ್ರ, ಪಕ್ಕದ ಪೋಸ್ಟ್‌ಗ್ರೆಸ್ ಅಲ್ಲ. ಕಂಪೋಸ್‌ನಲ್ಲಿ ಕೊಟ್ಟ ಸರ್ವಿಸ್ ಹೆಸರನ್ನೇ ವಿಳಾಸವಾಗಿ ಬರೆಯಬೇಕು. ಹಾಗೇ ಜಾಂಗೊ ಸರ್ವರ್ ಒಳಗೆ 127.0.0.1ರಲ್ಲಿ ಕೂತರೆ ಹೊರಗಿನ ಬ್ರೌಸರಿಗೆ ಸಿಗುವುದಿಲ್ಲ, 0.0.0.0 ಅಂತ ಕೊಡಬೇಕು. ಪೋರ್ಟ್ ಹೊರಗೆ ಬಿಡುವಾಗ ಮಾತ್ರ ಉಲ್ಟಾ: ಬರೀ 5432:5432 ಅಂತ ಬರೆದರೆ ಅದೇ ವೈಫೈನಲ್ಲಿ ಇರುವ ಎಲ್ಲರಿಗೂ ನಿಮ್ಮ ಡೇಟಾಬೇಸ್ ತೆರೆದಿರಬಹುದು. ಡಾಕರ್ ತನ್ನದೇ ಐಪಿಟೇಬಲ್ಸ್ ನಿಯಮ ಹಾಕಿಕೊಳ್ಳುವುದರಿಂದ ಯುಎಫ್‌ಡಬ್ಲ್ಯು ಫೈರ್‌ವಾಲ್ ಹಾಕಿದ್ದೀನಲ್ಲ ಅನ್ನುವ ಧೈರ್ಯವೂ ಕೆಲಸಕ್ಕೆ ಬರುವುದಿಲ್ಲ. ಹಾಸ್ಟೆಲ್ಲಿನಲ್ಲಿ ಇರುವವರು ಮುಂದೆ 127.0.0.1 ಸೇರಿಸಲೇಬೇಕು.

ಪೋಸ್ಟ್‌ಗ್ರೆಸ್ ಏಳುವ ಮೊದಲೇ ಜಾಂಗೊ ಹೋಗಿ ಬಾಗಿಲು ಬಡಿದು ಬಿದ್ದುಹೋಗುತ್ತದೆ, ಎರಡನೇ ಸಲ ಓಡಿಸಿದರೆ ಸರಿ ಹೋಗುತ್ತದೆ, ಇದೂ ನಿಮಗೆ ಆಗಿರುತ್ತದೆ. ಡಿಪೆಂಡ್ಸ್ ಆನ್ ಅಂತ ಬರೆದರೆ ಸಾಲದು, ಅದು ಕಂಟೇನರ್ ಶುರುವಾಯಿತಾ ಅಂತ ಮಾತ್ರ ನೋಡುತ್ತದೆ. ಪೋಸ್ಟ್‌ಗ್ರೆಸ್‌ಗೆ ಪಿಜಿ ಈಸ್ ರೆಡಿ ಕಮಾಂಡ್ ಇಟ್ಟು ಹೆಲ್ತ್‌ಚೆಕ್ ಬರೆಯಿರಿ, ಜಾಂಗೊಗೆ ಸರ್ವಿಸ್ ಹೆಲ್ದಿ ಆಗುವವರೆಗೆ ಕಾಯಲು ಹೇಳಿ.

ರೆಡಿಸ್ ನಿಜಕ್ಕೂ ಬೇಕಾ ಅಂತ ಒಮ್ಮೆ ಕೂತು ಯೋಚಿಸಿ. ದಿನಕ್ಕೆ ಕೆಲವು ನೂರು ಪುಟ ಓದುವ ಸರದಿಗೆ ಪೋಸ್ಟ್‌ಗ್ರೆಸ್‌ನಲ್ಲೇ ಒಂದು ಟೇಬಲ್ ಸಾಕು. ಸ್ಕಿಪ್ ಲಾಕ್ಡ್ ಎಂಬ ಸೌಲಭ್ಯ 9.5ನೇ ಆವೃತ್ತಿಯಿಂದಲೂ ಇದೆ, ಎರಡು ವರ್ಕರ್ ಒಂದೇ ಪುಟಕ್ಕೆ ಕೈ ಹಾಕದಂತೆ ಅದು ನೋಡಿಕೊಳ್ಳುತ್ತದೆ. ಒಂದು ಸರ್ವಿಸ್ ಕಡಿಮೆಯಾದರೆ ಕಲಿಯಬೇಕಾದ್ದೂ ಒಂದು ಕಡಿಮೆ.

ಈಗ ಮೊದಲು ಹೇಳಿದ ಮಾತಿಗೆ ವಾಪಸ್ ಬರುತ್ತೇನೆ, ಎಲ್ಲರಿಗೂ ಎಲ್ಲವೂ ಬೇಕಿಲ್ಲ. ಬಟನ್ನಿನ ಬಣ್ಣ ತಿದ್ದುವವನಿಗೆ ಟೆಸರಾಕ್ಟ್ ಯಾಕೆ? ಕಂಪೋಸ್‌ನಲ್ಲಿ ಪ್ರೊಫೈಲ್ಸ್ ಅಂತ ಇದೆ. ಪುಟ ಓದುವ ವರ್ಕರನ್ನು ಬೇರೆ ಇಮೇಜ್ ಮಾಡಿ ಒಂದು ಪ್ರೊಫೈಲ್‌ಗೆ ಹಾಕಿಬಿಡಿ. ಸುಮ್ನೆ ಕಂಪೋಸ್ ಅಪ್ ಅಂದರೆ ಜಾಂಗೊ ಮತ್ತು ಪೋಸ್ಟ್‌ಗ್ರೆಸ್ ಮಾತ್ರ ಏಳುತ್ತವೆ. ಟೆಸರಾಕ್ಟ್ ಮೇಲೆ ಕೆಲಸ ಮಾಡುವವರು ಪ್ರೊಫೈಲ್ ಹೆಸರು ಕೊಟ್ಟು ಏಳಿಸಿಕೊಳ್ಳುತ್ತಾರೆ. 4 ಜಿಬಿ ಲ್ಯಾಪ್‌ಟಾಪ್‌ಗೆ ಇನ್ನೂ ಹಗುರ ದಾರಿ ಕೊಡಿ: ಲಿನಕ್ಸ್‌ನಲ್ಲಿ ಪೋಸ್ಟ್‌ಗ್ರೆಸ್ ಒಂದೇ ಕಂಟೇನರಿನಲ್ಲಿ, ಜಾಂಗೊ ಹೊರಗೆ ವೆನ್ವ್‌ನಲ್ಲಿ. ಫಾಂಟ್, ಒತ್ತಕ್ಷರದ ಟೆಸ್ಟುಗಳು ಅವರಲ್ಲಿ ಓಡದಿದ್ದರೆ ತೊಂದರೆಯಿಲ್ಲ, ತಿದ್ದಿದ ಕೋಡನ್ನು ಪುಲ್ ರಿಕ್ವೆಸ್ಟ್ ಆಗಿ ಕಳಿಸಿದಾಗ ಸರ್ವರಿನಲ್ಲಿ ಓಡುತ್ತವೆ. ಅದೂ ಆಗದವರಿಗೆ ಬ್ರೌಸರಿನಲ್ಲೇ ಕೆಲಸ ಮಾಡಬಹುದಾದ ಗಿಟ್‌ಹಬ್ ಕೋಡ್‌ಸ್ಪೇಸಸ್ ಇದೆ. ತಿಂಗಳಿಗೆ 120 ಕೋರ್-ಗಂಟೆ ಉಚಿತ, ಎರಡು ಕೋರಿನ ಯಂತ್ರವಾದರೆ 60 ಗಂಟೆ. ನೆಟ್ ಇರುವಾಗ ಮಾತ್ರ ಕೆಲಸ ಅನ್ನುವುದೊಂದೇ ಕೊರತೆ.

ಕೋಡ್‌ಸ್ಪೇಸಸ್ ಓದುವುದು ಸೆಟಪ್ ಹೇಗಿರಬೇಕು ಅಂತ ಹೇಳುವ ಡೆವ್‌ಕಂಟೇನರ್ ಫೈಲನ್ನು. ಅದನ್ನು ಬರೆಯಿರಿ, ಆದರೆ ಎಲ್ಲವನ್ನೂ ಅದರಲ್ಲೇ ತುಂಬಬೇಡಿ. ಆ ಜೇಸನ್ ಫೈಲ್ ನಿಮ್ಮ ಕಂಪೋಸ್ ಫೈಲನ್ನು ತೋರಿಸಿದರೆ ಸಾಕು. ಡೆವ್‌ಕಂಟೇನರ್‌ನ ವಿವರಣೆ ಮುಕ್ತವಾಗಿದೆ, ಕಮಾಂಡ್ ಸಾಲಿನ ಸಾಧನವೂ ಓಪನ್ ಸೋರ್ಸ್, ಆದರೆ ವಿಎಸ್ ಕೋಡ್‌ನಲ್ಲಿ ಅದನ್ನು ಓಡಿಸುವ ಎಕ್ಸ್‌ಟೆನ್ಶನ್ ಓಪನ್ ಸೋರ್ಸ್ ಅಲ್ಲ. ವಿಮ್ ಎಡಿಟರ್ ಬಳಸುವ ಹುಡುಗನೂ ನಿಮ್ಮ ಪ್ರಾಜೆಕ್ಟಿಗೆ ಬರಬೇಕಲ್ಲವೇ? ಬುನಾದಿ ಕಂಪೋಸ್ ಆಗಿರಲಿ.

ಡೇಟಾ ಇಡುವುದು ಹೆಸರು ಕೊಟ್ಟ ವಾಲ್ಯೂಮ್‌ನಲ್ಲಿ (ಕಂಟೇನರ್ ಅಳಿಸಿದರೂ ಉಳಿಯುವ ಜಾಗ). ಕಂಪೋಸ್ ಡೌನ್ ಜೊತೆ ಮೈನಸ್ ವಿ ಹಾಕಿದರೆ ವಾಲ್ಯೂಮ್ ಕೂಡ ಹೋಗುತ್ತದೆ. ರೀಡ್‌ಮಿಯಲ್ಲಿ ಇದನ್ನು ದಪ್ಪಕ್ಷರದಲ್ಲಿ ಬರೆಯಿರಿ, ವಾರದ ತಿದ್ದುಪಡಿ ಕಳೆದುಕೊಂಡವರನ್ನು ಸಮಾಧಾನ ಮಾಡುವುದು ಕಷ್ಟ. ಖಾಲಿ ಡೇಟಾಬೇಸ್ ಕೊಟ್ಟು ಬಿಡಬೇಡಿ. ಒಂದೇ ಕಮಾಂಡಿಗೆ ಐದಾರು ಪುಟ, ಇಬ್ಬರು ಬಳಕೆದಾರರು, ಅರ್ಧ ತಿದ್ದಿದ ಒಂದು ಪುಟ ಬಂದು ಕೂರಬೇಕು. ಪುಟಗಳನ್ನು ಹಕ್ಕು ಮುಗಿದ ಪುಸ್ತಕದಿಂದ ಆರಿಸಿ, ನಮ್ಮಲ್ಲಿ ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕು ಇರುತ್ತದೆ. ಪಾಸ್‌ವರ್ಡ್ ಇರುವ ಎನ್ವ್ ಫೈಲನ್ನು ಗಿಟ್‌ಗೆ ಹಾಕದೆ ಅದರ ಒಂದು ಮಾದರಿ ಫೈಲನ್ನು ಮಾತ್ರ ಹಾಕಿ. ಇಮೇಜುಗಳಿಗೆ ಲೇಟೆಸ್ಟ್ ಅನ್ನುವ ಟ್ಯಾಗ್ ಬೇಡವೇ ಬೇಡ, ಆವೃತ್ತಿ ಸಂಖ್ಯೆ ಬರೆಯಿರಿ. ಇಲ್ಲದಿದ್ದರೆ ಜನವರಿಯಲ್ಲಿ ಸೇರಿದವನದ್ದು ಒಂದು ಪೋಸ್ಟ್‌ಗ್ರೆಸ್, ಜೂನ್‌ನಲ್ಲಿ ಸೇರಿದವನದ್ದು ಇನ್ನೊಂದು.

ಸರ್ವರಿನಲ್ಲಿ ಓಡುವ ಟೆಸ್ಟುಗಳಿಗೂ ಇದೇ ಡಾಕರ್‌ಫೈಲ್ ಬಳಸಿ, ಬೇರೆ ಪಟ್ಟಿ ಇಡಬೇಡಿ. ಆಗ ಅದು ಕೆಟ್ಟರೆ ಅದೇ ದಿನ ಗೊತ್ತಾಗುತ್ತದೆ.

ಇಷ್ಟು ಮಾಡಿದ ಮೇಲೆ ಒಂದು ಭಾನುವಾರ ಪ್ರಾಜೆಕ್ಟನ್ನು ಎಂದೂ ನೋಡದ ಒಬ್ಬ ಜೂನಿಯರನ್ನು ಕರೆಯಿರಿ. ರೀಡ್‌ಮಿ ಕನ್ನಡದಲ್ಲಿರಲಿ. ಅವರ ಲ್ಯಾಪ್‌ಟಾಪ್, ಅವರ ನೆಟ್. ನೀವು ಪಕ್ಕದಲ್ಲಿ ಮಾತಾಡದೆ ಕೂರಿ, ಕೀಬೋರ್ಡ್ ಮುಟ್ಟಬೇಡಿ, ಅವರು ಎಲ್ಲಿ ನಿಂತರು, ಯಾವ ಸಾಲನ್ನು ಎರಡು ಸಲ ಓದಿದರು ಅಂತ ಬರೆದುಕೊಳ್ಳಿ, ಗಡಿಯಾರ ನೋಡಿಕೊಳ್ಳಿ. ಅರ್ಧ ಗಂಟೆಗಿಂತ ಜಾಸ್ತಿ ಆದರೆ ಆ ಪಟ್ಟಿಯನ್ನೂ ಕಂಪೋಸ್ ಫೈಲನ್ನೂ ನನಗೆ ಕಳಿಸಿ, ಕೂತು ನೋಡೋಣ.